ಕೃತಜ್ಞತೆಗೆ ಕೊಟ್ಟ ಜಲವರ್ಣ ಭಾವಚಿತ್ರ: ಬೂಷ್ಟು ತೆಗೆದು, ಕರಾವಳಿಯ ಮಳೆಗಾಲಕ್ಕೆ ತಕ್ಕಂತೆ ಮತ್ತೆ ಫ್ರೇಮ್ ಹಾಕಿದ ಬಗೆ

ಕೆಲಸಕ್ಕೆ ಬಂದದ್ದು: 28 × 38 ಸೆಂ.ಮೀ. ಅಳತೆಯ ಜಲವರ್ಣ ಭಾವಚಿತ್ರ, 300 ಜಿಎಸ್‌ಎಂ ಹತ್ತಿಯ ಕಾಗದ. ಉಡುಪಿಯ ನಿವೃತ್ತ ಅಧ್ಯಾಪಕಿಯೊಬ್ಬರಿಗೆ ಅವರ ಹಳೆಯ ವಿದ್ಯಾರ್ಥಿ, ಈಗ ಚಿತ್ರ ಬರೆದೇ ಬದುಕುವವರು, ಸನ್ಮಾನದ ದಿನ ಕೊಟ್ಟದ್ದು. ಕೆಳ ಅಂಚಿನಿಂದ 8 ಮಿ.ಮೀ. ಮೇಲೆ ಪೆನ್ಸಿಲಿನಲ್ಲಿ ಸಹಿ, ಪಕ್ಕದಲ್ಲೇ ‘ಟೀಚರಿಗೆ, ಕೃತಜ್ಞತೆಯಿಂದ’ ಎಂಬ ಸಾಲು. ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಇನ್ನೂ ನಾಲ್ಕು ಸಾಲು ಇದೆ; ಫ್ರೇಮ್ ಬಿಚ್ಚುವವರೆಗೆ ಅದು ಯಾರಿಗೂ ನೆನಪಿರಲಿಲ್ಲ.

ತೊಂದರೆಗಳು: ಹಾಳೆಯ ನಡುಭಾಗ ಉಬ್ಬಿ ಗಾಜಿಗೆ ತಾಗಿದೆ. ಕೂದಲಿನ ಕಪ್ಪಿನ ಮೇಲೆ ಬೂದಿ ಎರಚಿದಂತೆ ಬಿಳಿ ಪೊರೆ. ಹಿನ್ನೆಲೆಯ ತಿಳಿ ಬಣ್ಣದಲ್ಲಿ ಕಂದು ಚುಕ್ಕೆ. ಸೀರೆಯ ಗುಲಾಬಿ ಪೇಲವ.

ಸನ್ಮಾನಕ್ಕೆ ಕೊಡುವ ಚಿತ್ರಗಳ ಪಾಡು ನಮ್ಮ ಕಡೆ ಹೆಚ್ಚುಕಡಿಮೆ ಹೀಗೆಯೇ. ಕಾರ್ಯಕ್ರಮದ ಹಿಂದಿನ ದಿನ ಅವಸರದಲ್ಲಿ ಫ್ರೇಮ್ ಅಂಗಡಿಗೆ ಹೋಗುತ್ತದೆ, ಶಾಲು, ಫಲಕ, ಹಣ್ಣಿನ ಬುಟ್ಟಿಯ ಜೊತೆ ವೇದಿಕೆ ಏರುತ್ತದೆ, ಮರುದಿನ ಚಾವಡಿಯ ಗೋಡೆ ಸೇರುತ್ತದೆ. ಅಂಗಡಿಯಲ್ಲಿ ಫೋಟೊಗೆ ಹಾಕುವ ಕ್ರಮದಲ್ಲೇ ಇದಕ್ಕೂ ಹಾಕಿರುತ್ತಾರೆ: ಗಾಜು, ಅದಕ್ಕೆ ಒತ್ತಿ ಚಿತ್ರ, ಚಿತ್ರದ ಬೆನ್ನಿಗೆ ಹಾರ್ಡ್‌ಬೋರ್ಡ್, ನಾಲ್ಕು ಮೂಲೆಗೆ ಫೆವಿಕಾಲ್, ಮೇಲಂಚಿಗೆ ಸೆಲೋಟೇಪ್. ಬಯಲುಸೀಮೆಯಲ್ಲಿ ಇದು ಹತ್ತಿಪ್ಪತ್ತು ವರ್ಷ ತಳ್ಳೀತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಶೇ 85-90ರ ಆಸುಪಾಸಿನಲ್ಲೇ ಇರುತ್ತದೆ. ಕಾಗದದ ಮೇಲೆ ಬೂಷ್ಟು ಚಿಗುರಲು ಶೇ 70 ದಾಟಿ ನಿಂತರೆ ಸಾಕು.

ಉಬ್ಬಿಗೆ ಕಾರಣ ಕಾಗದವಲ್ಲ, ಆ ನಾಲ್ಕು ಮೂಲೆಯ ಅಂಟು. ಹತ್ತಿಯ ಕಾಗದ ತೇವ ಕುಡಿದಾಗ ಹಿಗ್ಗುತ್ತದೆ, 28 ಸೆಂ.ಮೀ. ಅಗಲದ ಹಾಳೆ ಮಳೆಗಾಲದಲ್ಲಿ ಒಂದೆರಡು ಮಿ.ಮೀ. ಬೆಳೆಯಬಹುದು. ಮೂಲೆಗಳು ಬಿಗಿಯಾಗಿ ಅಂಟಿದ್ದರೆ ಆ ಹೆಚ್ಚುವರಿಗೆ ಹೋಗಲು ಜಾಗ ಇರುವುದಿಲ್ಲ, ನಡುವೆ ಎದ್ದು ನಿಲ್ಲುತ್ತದೆ. ಎದ್ದದ್ದು ಗಾಜಿಗೆ ತಾಗುತ್ತದೆ. ರಾತ್ರಿ ಗಾಜು ತಣ್ಣಗಾದಾಗ ಒಳಮೈಗೆ ಇಬ್ಬನಿ ಕೂತರೆ ಅದು ನೇರ ಬಣ್ಣದ ಮೇಲೆ. ಜಲವರ್ಣದ ಅಂಟು ಗೋಂದು, ಅಂದರೆ ಗಮ್ ಅರಾಬಿಕ್. ಎಷ್ಟು ವರ್ಷ ಕಳೆದರೂ ನೀರಿಗೆ ಕರಗುತ್ತದೆ, ಬೂಷ್ಟಿಗೆ ಒಳ್ಳೆಯ ಮೇವೂ ಹೌದು. ಭಾವಚಿತ್ರದಲ್ಲಿ ಬಣ್ಣ ದಪ್ಪಗೆ ಬೀಳುವುದು ಕೂದಲು, ಹುಬ್ಬು, ಕಣ್ಣಿನ ಪಾಪೆಗಳಲ್ಲಿ. ಗೋಂದು ಹೆಚ್ಚಿರುವುದೂ ಅಲ್ಲೇ. ಬಿಳಿ ಪೊರೆ ಕೂದಲ ಮೇಲೆ ಮೊದಲು ಕಾಣಿಸಿಕೊಂಡದ್ದು ಈ ಕಾರಣಕ್ಕೆ.

ಬಿಚ್ಚುವುದು

ಕೆಲಸಕ್ಕೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಹೊತ್ತು ಸರಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೂಷ್ಟು ಕಂಡರೆ ಫ್ರೇಮನ್ನು ಗೋಡೆಯಿಂದ ಇಳಿಸಿ, ಒಣ ಕೋಣೆಯಲ್ಲಿ ಮುಖ ಮೇಲಾಗಿ ಮಲಗಿಸಿಡಿ. ಎಸಿ ಕೋಣೆ ಇದ್ದರೆ ಒಳ್ಳೆಯದು. ಬಿಸಿಲಿಗೆ ಇಡಬಾರದು, ಹೇರ್‌ಡ್ರೈಯರ್ ಹಿಡಿಯಬಾರದು. ಬಿಸಿಲಿಗೆ ಗುಲಾಬಿ ಹಾರುತ್ತದೆ, ಬಿಸಿಗಾಳಿಗೆ ಕಾಗದ ಇನ್ನಷ್ಟು ತಿರುಚಿಕೊಳ್ಳುತ್ತದೆ.

ಮೊದಲು ಫೋಟೊ: ಎದುರಿನಿಂದ, ಹಿಂದಿನಿಂದ, ಮತ್ತೆ ಓರೆ ಬೆಳಕಿನಲ್ಲಿ. ಟಾರ್ಚನ್ನು ಗಾಜಿನ ಮಟ್ಟಕ್ಕೆ ಪಕ್ಕದಿಂದ ಹಿಡಿದರೆ ಕಾಗದ ಗಾಜಿಗೆ ತಾಗಿದ ಜಾಗ ಒದ್ದೆ ಕಲೆಯಂತೆ ಗಾಢವಾಗಿ ಕಾಣುತ್ತದೆ. ಆ ಜಾಗಗಳನ್ನು ಒಂದು ಕಾಗದದಲ್ಲಿ ಗುರುತಿಸಿಟ್ಟುಕೊಳ್ಳಬೇಕು.

ಫ್ರೇಮನ್ನು ಹಳೆ ಕಂಬಳಿಯ ಮೇಲೆ ಮುಖ ಕೆಳಗಾಗಿ ಇಟ್ಟು, ಹಿಂದಿನ ಬ್ರೌನ್ ಟೇಪನ್ನು ಬ್ಲೇಡಿನಲ್ಲಿ ಸೀಳಬೇಕು. ಮೊಳೆಗಳನ್ನು ಇಕ್ಕಳದಲ್ಲಿ ಫ್ರೇಮ್‌ನ ಉದ್ದಕ್ಕೆ ಸಮನಾಗಿ ಎಳೆದು ತೆಗೆಯಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತುದಿ ಜಾರಿ ಹಾರ್ಡ್‌ಬೋರ್ಡ್ ತೂರುವುದು ಮಾಮೂಲು. ಕಡಲ ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ತಲೆ ಮುರಿಯುತ್ತದೆ. ಮುರಿದ ಚೂರು ಒಂದೂ ಒಳಗೆ ಉಳಿಯಬಾರದು.

ಹಾರ್ಡ್‌ಬೋರ್ಡ್ ಎತ್ತುವಾಗ ಚಿತ್ರ ತಾನಾಗಿ ಗಾಜು ಬಿಟ್ಟು ಬರಬೇಕು. ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ. ಎಳೆದರೆ ಬಣ್ಣ ಗಾಜಿನಲ್ಲೇ ಉಳಿಯುತ್ತದೆ, ಕೆನ್ನೆಯ ಜಾಗದಲ್ಲಿ ಬರೀ ಕಾಗದ. ಅಂಥದ್ದನ್ನು ಗಾಜು ಸಮೇತ ಕಟ್ಟಿ ತಜ್ಞರಿಗೆ ಒಯ್ಯಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಪರಂಪರೆಯ ಸಂರಕ್ಷಣೆಗೆಂದೇ ಇರುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ. ಬಣ್ಣ ಹಕ್ಕಳೆಯಾಗಿ ಏಳುತ್ತಿದ್ದರೂ ದಾರಿ ಅದೇ. ಈ ಚಿತ್ರದಲ್ಲಿ ಸೀರೆಯ ಅಂಚು ಎರಡು ಕಡೆ ತಾಗಿತ್ತು, ಅಂಟಿರಲಿಲ್ಲ.

ಬೂಷ್ಟು, ಚುಕ್ಕೆ

ಬೂಷ್ಟು ಹಸಿಯಾಗಿರುವಾಗ ಮುಟ್ಟಿದರೆ ಕಾಗದದೊಳಕ್ಕೆ ಅರೆದ ಹಾಗೆ. ಶೇ 50ಕ್ಕಿಂತ ಕಡಿಮೆ ತೇವಾಂಶದ ಕೋಣೆಯಲ್ಲಿ ಹಾಳೆಯನ್ನು ಬಿಡಿಯಾಗಿ ಇಟ್ಟು, ಪೊರೆ ಪುಡಿಯಂತೆ ಉದುರುವ ಹದಕ್ಕೆ ಬಂದ ಮೇಲೆ ಕೈ ಹಾಕಬೇಕು. ಜಗಲಿಯಲ್ಲಿ ಗಾಳಿಗೆ ಬೆನ್ನು ಹಾಕಿ ಕೂತು, ಎನ್95 ಮಾಸ್ಕ್, ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ಮೇಕೆ ಕೂದಲಿನ ಮೃದು ಬ್ರಷ್ಷಿನ ತುದಿಯಿಂದ ಮೇಲಕ್ಕೆ ಚಿಮ್ಮಿಸುವುದು. ಉಜ್ಜುವುದಲ್ಲ. ಉಜ್ಜಿದರೆ ಬಿಳಿ ಪೊರೆಯ ಜೊತೆ ಕಪ್ಪೂ ಬರುತ್ತದೆ. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇದ್ದರೆ ಕೊಳವೆಯ ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ, ಒಂದು ಗೇಣು ದೂರದಲ್ಲಿ ಹಿಡಿದು ಹಾರುವ ಪುಡಿಯನ್ನು ಎಳೆದುಕೊಳ್ಳಬಹುದು. ಮನೆಯ ಮಾಮೂಲಿ ವ್ಯಾಕ್ಯೂಮ್ ಬೇಡ. ಅದು ಬೀಜಕಣಗಳನ್ನು ಹಿಂದಿನಿಂದ ಕೋಣೆಗೇ ಬಿಡುತ್ತದೆ.

ಡೆಟಾಲ್, ಸ್ಪಿರಿಟ್, ಬ್ಲೀಚಿಂಗ್ ದ್ರವ ಯಾವುದೂ ಬೇಡ. ಕಂದು ಚುಕ್ಕೆಗಳು ಕಾಗದದಲ್ಲಿನ ಕಬ್ಬಿಣದ ಅಂಶ ಮತ್ತು ಶಿಲೀಂಧ್ರದ ಫಲ; ಬ್ಲೀಚ್ ಮಾಡಿದರೆ ಚುಕ್ಕೆ ಹೋಗಿ ಅದರ ಸುತ್ತ ಬಿಳಿ ಉಂಗುರ ಉಳಿಯುತ್ತದೆ, ನಾರೂ ಸಾಯುತ್ತದೆ. ಇದ್ದ ಹಾಗೇ ಬಿಟ್ಟೆವು. ಬಣ್ಣ ಮಾಸಿದ ಜಾಗಕ್ಕೆ ತಿದ್ದುವಿಕೆಯನ್ನೂ ಮಾಡಿಲ್ಲ. ಬೂಷ್ಟು, ಬಣ್ಣ ಹರಡದಂತೆ ಕಾಗದಕ್ಕೆ ಹಾಕಿರುವ ಜೆಲಟಿನ್ ಸೈಜಿಂಗನ್ನು ತಿಂದಿರುತ್ತದೆ, ಅಲ್ಲಿ ಹೊಸ ಬಣ್ಣ ಹಚ್ಚಿದರೆ ಒತ್ತುಕಾಗದದಲ್ಲಿ ಮಸಿ ಹರಡಿದಂತೆ ಹರಡುತ್ತದೆ. ಅಲ್ಲದೆ ಕೊಟ್ಟವರ ಕೈಯ ಗೆರೆಯ ಮೇಲೆ ಇನ್ನೊಬ್ಬರ ಬ್ರಷ್ ಯಾಕೆ?

ಮೂಲೆಗಳ ಅಂಟು, ಸೆಲೋಟೇಪ್

ಇಡೀ ಕೆಲಸದಲ್ಲಿ ಹೊತ್ತು ತಿನ್ನುವುದು ಇದು. ಸೂತ್ರ ಒಂದೇ: ಬೋರ್ಡಿನಿಂದ ಚಿತ್ರವನ್ನು ಎಬ್ಬಿಸುವುದಲ್ಲ, ಚಿತ್ರದ ಬೆನ್ನಿನಿಂದ ಬೋರ್ಡನ್ನು ಸವೆಸುವುದು.

ಅಂಟಿದ ಮೂಲೆಯ ಸುತ್ತ ಹಾರ್ಡ್‌ಬೋರ್ಡನ್ನು ಚೌಕವಾಗಿ ಕತ್ತರಿಸಿ ಉಳಿದದ್ದನ್ನು ತೆಗೆದೆವು. ಚಿತ್ರ ಬಿಡಿಯಾಯಿತು, ಮೂಲೆಗಳಲ್ಲಿ ಅಂಚೆಚೀಟಿಯಷ್ಟು ಬೋರ್ಡ್ ಉಳಿಯಿತು. ಹಾಳೆಯನ್ನು ನುಣುಪು ಸಿಲಿಕೋನ್ ಕಾಗದದ ಮೇಲೆ ಮುಖ ಕೆಳಗಾಗಿ ಇಟ್ಟು, ಮೆಡಿಕಲ್ ಅಂಗಡಿಯಲ್ಲಿ ಸಿಗುವ 22ನೇ ನಂಬರಿನ ಸರ್ಜಿಕಲ್ ಬ್ಲೇಡನ್ನು ಮಲಗಿಸಿ ಹಿಡಿದು ಪದರ ಪದರವಾಗಿ ಕೆತ್ತುತ್ತಾ, ಕೊನೆಗೆ ತೆಳು ಪೊರೆಯೊಂದು ಉಳಿಯುವಷ್ಟು. ಆ ಪೊರೆಗೆ ಮೀಥೈಲ್ ಸೆಲ್ಯುಲೋಸ್ ಲೇಪ: 100 ಮಿ.ಲೀ. ನೀರಿಗೆ 4 ಗ್ರಾಂ ಪುಡಿ. ಪುಡಿಯನ್ನು ಮೊದಲು ಮೂರನೇ ಒಂದು ಭಾಗ ಬಿಸಿ ನೀರಲ್ಲಿ ಕದಡಿ, ಆಮೇಲೆ ತಣ್ಣೀರು ಸೇರಿಸಬೇಕು. ಇದು ತಣ್ಣೀರಿಗೆ ಮಾತ್ರ ಕರಗುವ ವಸ್ತು. ನೇರ ತಣ್ಣೀರಿಗೆ ಸುರಿದರೆ ಗಂಟು ಕಟ್ಟುತ್ತದೆ. 2 ಮಿ.ಮೀ. ದಪ್ಪ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡು ಮುಚ್ಚಿ 10 ನಿಮಿಷ ಬಿಟ್ಟು, ಮೊಂಡು ಸ್ಪ್ಯಾಚುಲಾದಲ್ಲಿ ಕೆರೆದರೆ ಅಂಟು ಉಬ್ಬಿ ಸುರುಳಿಯಾಗಿ ಬರುತ್ತದೆ. ನೀರಿಗಿಂತ ಲೇಪ ಯಾಕೆ ಅಂದರೆ, ತೇವ ಒಂದೇ ಕಡೆ ನಿಲ್ಲುತ್ತದೆ, ಕಾಗದದೊಳಗೆ ಓಡಾಡಿ ಕಂದು ಗೆರೆ ಬಿಡುವುದಿಲ್ಲ.

ಮೂರು ಮೂಲೆಗಳಲ್ಲಿ ಮುಂದೆ ಬರೀ ಬಿಳಿ ಅಂಚು, ಹಾಗಾಗಿ ಧೈರ್ಯ. ನಾಲ್ಕನೆಯದರ ಮುಂಬದಿಯಲ್ಲಿ ನೀಲಿ ಬಣ್ಣ ಅಂಚಿನವರೆಗೂ ಹರಿದಿತ್ತು. ಅಲ್ಲಿ ಲೇಪ ಹಾಕಲಿಲ್ಲ. ಬೋರ್ಡಿನ ತೆಳು ಪೊರೆ ಅಲ್ಲೇ ಇದೆ. ಯಾವ ತೊಂದರೆಯೂ ಇಲ್ಲ.

ಸೆಲೋಟೇಪಿನ ಪ್ಲಾಸ್ಟಿಕ್ ಹಳತಾದರೆ ತಾನೇ ಕಳಚುತ್ತದೆ. ಹಿಂದೆ ಉಳಿಯುವ ಹಳದಿ ಜಿಗುಟನ್ನು ಕ್ರೇಪ್ ರಬ್ಬರಿನ ತುಂಡಿನಿಂದ ಒತ್ತಿ ಒತ್ತಿ ಎತ್ತಬೇಕು. ಪೆಟ್ರೋಲು, ಥಿನ್ನರ್ ಮುಟ್ಟಿಸಿದರೆ ಜಿಗುಟು ಕರಗಿ ಕಾಗದದೊಳಗೆ ಇಳಿದು ಎಣ್ಣೆ ಕಲೆಯಂತೆ ಮುಂದಕ್ಕೆ ಕಾಣುತ್ತದೆ.

ಮಟ್ಟ ಮಾಡುವುದು

ಮೂಲೆ ಬಿಟ್ಟ ಕೂಡಲೇ ಉಬ್ಬು ಅರ್ಧ ಇಳಿಯಿತು. ಉಳಿದದ್ದಕ್ಕೆ ನೀರು ಚಿಮುಕಿಸುವುದು, ಇಸ್ತ್ರಿ ಹಾಕುವುದು ಎರಡೂ ಜಲವರ್ಣಕ್ಕೆ ವಿಷ. ಫೆಬ್ರವರಿಯಲ್ಲೂ ಮುಂಜಾನೆ ಕರಾವಳಿಯ ಗಾಳಿಯಲ್ಲಿ ಕಾಗದ ಮೆದುವಾಗುವಷ್ಟು ಪಸೆ ಇರುತ್ತದೆ. ಆ ಹೊತ್ತಿಗೆ ಹಾಳೆಯನ್ನು ಎರಡು ಬ್ಲಾಟಿಂಗ್ ಕಾಗದಗಳ ನಡುವೆ ಇಟ್ಟು, ಬಣ್ಣದ ಬದಿಗೆ ಟೈಲರ್ ಸಾಮಾನಿನ ಅಂಗಡಿಯ ನಾನ್‌ವೋವನ್ ಬಟ್ಟೆಯ ತುಂಡು ಹಾಕಬೇಕು. ಅಂಟಿಲ್ಲದ್ದನ್ನೇ ಕೇಳಿ ತರಬೇಕು. ಕಾಲರಿಗೆ ಇಸ್ತ್ರಿ ಮಾಡಿ ಅಂಟಿಸುವ ಪೇಸ್ಟಿಂಗ್ ಅಲ್ಲ. ಮೇಲೆ 6 ಮಿ.ಮೀ. ಗಾಜು, ಅದರ ಮೇಲೆ ನಾಲ್ಕೈದು ಕೆ.ಜಿ. ಭಾರ. ಇದಕ್ಕಿಂತ ಹೆಚ್ಚಾದರೆ ಕಾಗದದ ತರಿ ಮೈ ಸಪಾಟಾಗಿ ಚಿತ್ರ ಮುದ್ರಿಸಿದ ಹಾಗೆ ಕಾಣುತ್ತದೆ. ಬ್ಲಾಟಿಂಗ್ ಕಾಗದವನ್ನು ಮೊದಲ ದಿನ ಒಂದು ಗಂಟೆಯ ಬಳಿಕ, ನಾಲ್ಕು ಗಂಟೆಯ ಬಳಿಕ, ಮತ್ತೆ ರಾತ್ರಿ ಬದಲಿಸಬೇಕು, ಆಮೇಲೆ ದಿನಕ್ಕೊಮ್ಮೆ. ಎರಡು ವಾರ ಭಾರದಡಿ ಇರಲಿ. ಬೇಗ ತೆಗೆದರೆ ಸಂಜೆಯೊಳಗೆ ಮತ್ತೆ ಅಲೆ. ಸ್ವಲ್ಪ ಅಲೆ ಉಳಿದರೂ ಉಳಿಯಲಿ, ಜಲವರ್ಣಕ್ಕೆ ಅದು ಸಹಜ.

ಬೋರ್ಡು, ಅಂಟು, ಹಿಂಜು

ಮಾಮೂಲಿ ಮೌಂಟ್‌ಬೋರ್ಡ್ (ಚಿತ್ರದ ಸುತ್ತ ಕಿಟಕಿಯಂತೆ ಕೊಯ್ದು ಹಾಕುವ ರಟ್ಟು) ಮರದ ತಿರುಳಿನದು. ಹಳೆಯ ಫ್ರೇಮ್ ಯಾವುದನ್ನಾದರೂ ನೋಡಿ: ಓರೆ ಕತ್ತರಿಸಿದ ಅಂಚು ಕಂದಾಗಿದ್ದರೆ ಅದು ಆಮ್ಲ ಉಗುಳುತ್ತಿದೆ. ಪಿಎಚ್ ಪೆನ್ನಿನಲ್ಲಿ ಗೆರೆ ಎಳೆದು ಪರೀಕ್ಷಿಸಬಹುದು. ನೇರಳೆಯಾದರೆ ಸರಿ, ಹಳದಿಯಾದರೆ ಬೇಡ. ಇಲ್ಲಿ ಬಳಸಿದ್ದು 1.5 ಮಿ.ಮೀ. ದಪ್ಪದ ಹತ್ತಿ ಬೋರ್ಡ್.

ಹಳೆಯ ಫ್ರೇಮ್‌ನ ಬೀಡಿಂಗ್ (ಫ್ರೇಮಿನ ಮರದ ಪಟ್ಟಿ) ಕೆಳ ಅಂಚಿನ ಸಾಲಿನ ಅರ್ಧವನ್ನು ನುಂಗಿತ್ತು. ಸನ್ಮಾನದ ಚಿತ್ರದಲ್ಲಿ ಆ ಸಾಲು ಮುಖದಷ್ಟೇ ಮುಖ್ಯ. ಅಂಚು ಕತ್ತರಿಸಿ ‘ಸೈಜಿಗೆ ತರುವ’ ಅಂಗಡಿಗಳೂ ಇವೆ, ಕೊಡುವಾಗಲೇ ಬಾಯಿಬಿಟ್ಟು ಬೇಡ ಎನ್ನಬೇಕು. ಹೊಸ ಮೌಂಟಿನ ಕಿಟಕಿಯನ್ನು ಹಾಳೆಗಿಂತ ದೊಡ್ಡದಾಗಿ 29 × 39 ಸೆಂ.ಮೀ. ತೆರೆದೆವು. ಸುತ್ತ 5 ಮಿ.ಮೀ. ಬಿಡುವು, ಹಾಳೆಯ ನಾಲ್ಕೂ ಅಂಚು ಕಾಣುತ್ತದೆ, ಮಳೆಗಾಲದಲ್ಲಿ ಹಿಗ್ಗಲು ಜಾಗವೂ ಆಯಿತು. ಅಂಚು ಪಟ್ಟಿ ಎಡ, ಬಲ, ಮೇಲೆ 6 ಸೆಂ.ಮೀ., ಕೆಳಗೆ 7.5 ಸೆಂ.ಮೀ.; ಬೋರ್ಡಿನ ಹೊರ ಅಳತೆ 41 × 52.5 ಸೆಂ.ಮೀ.

ಅಂಟಿಗೆ ಗೋಧಿ ಪಿಷ್ಟ. ಮೈದಾ ಗಂಜಿ ಅಲ್ಲ. ಮೈದಾದಲ್ಲಿ ಇರುವ ಗ್ಲೂಟನ್ ಹಳದಿಯಾಗುತ್ತದೆ, ಬೆಳ್ಳಿಹುಳುವನ್ನು ಕರೆಯುತ್ತದೆ, ಮುಂದೆ ಬಿಡಿಸಲೂ ಕಷ್ಟ. ಪಿಷ್ಟವನ್ನು ಮನೆಯಲ್ಲೇ ತೆಗೆಯಬಹುದು: 200 ಗ್ರಾಂ ಮೈದಾ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಟ್ಟು, ಒಂದು ಲೀಟರ್ ನೀರಿನೊಳಗೆ ಹಿಸುಕಿ ತೊಳೆಯಬೇಕು. ರಬ್ಬರಿನಂಥ ಮುದ್ದೆ ಕೈಯಲ್ಲಿ ಉಳಿಯುತ್ತದೆ. ಕೆಳಗಿನ ಹಾಲನ್ನು ಬಟ್ಟೆಯಲ್ಲಿ ಸೋಸಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ನೀರು ಚೆಲ್ಲಿದರೆ ತಳದಲ್ಲಿ ಪಿಷ್ಟ. ಗೋಧಿ ಹಾಲು ತೆಗೆದು ಹಲ್ವ ಕಾಯಿಸುವ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ನೆರಳಲ್ಲಿ ಒಣಗಿಸಿದ ಪಿಷ್ಟ 20 ಗ್ರಾಂ, ನೀರು 100 ಮಿ.ಲೀ., ಸ್ಟೀಲ್ ಪಾತ್ರೆ. ಕುದಿಯುವ ನೀರಿನ ಮೇಲೆ ಪಾತ್ರೆ ಇಟ್ಟು ಕೈಬಿಡದೆ ಕದಡಿದರೆ ಅರ್ಧ ಗಂಟೆಯಲ್ಲಿ ಹಾಲುಬಿಳುಪು ಹೋಗಿ ಗಾಜಿನಂಥ ಹೊಳಪು ಬರುತ್ತದೆ. ತಣಿದ ಮೇಲೆ ಚಾ ಸೋಸುವ ಜರಡಿಯಲ್ಲಿ ಎರಡು ಸಲ ಒತ್ತಿ, ಬೇಕಾದಷ್ಟು ನೀರು ಸೇರಿಸಿ ಕೆನೆಯ ಹದಕ್ಕೆ ತರಬೇಕು. ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಎಸೆಯಬೇಕು.

ಬೈಂಡಿಂಗಿನವರು ಗಂಜಿಗೆ ಮೈಲುತುತ್ತು ಹಾಕುವ ರೂಢಿ ಇದೆ. ಅಡಿಕೆ ತೋಟದ ಮನೆಗಳಲ್ಲಿ ಅದು ಕೈಗೆಟುಕುವಲ್ಲೇ ಇರುತ್ತದೆ, ಹುಳುವೂ ಬರುವುದಿಲ್ಲ. ಆದರೆ ತಾಮ್ರದ ಅಂಶ ಕಾಗದದ ನಾರನ್ನು ವರ್ಷಗಟ್ಟಲೆ ಸುಡುತ್ತದೆ. ಬೇಡ.

ಹಿಂಜಿಗೆ, ಅಂದರೆ ಚಿತ್ರವನ್ನು ಬೋರ್ಡಿಗೆ ಹಿಡಿದಿಡುವ ಪಟ್ಟಿಗೆ, ಜಪಾನಿನ ಕೋಜೊ ಕಾಗದ, 25-30 ಜಿಎಸ್‌ಎಂ, 2.5 ಸೆಂ.ಮೀ. ಅಗಲ, 5 ಸೆಂ.ಮೀ. ಉದ್ದದ ಎರಡು ಪಟ್ಟಿ. ಕತ್ತರಿ ಬೇಡ, ಒದ್ದೆ ಬ್ರಷ್ಷಿನಲ್ಲಿ ಗೆರೆ ಎಳೆದು ಹರಿದರೆ ಅಂಚಿನಲ್ಲಿ ನಾರು ಬಿಡುತ್ತದೆ, ಮುಂದೆ ಏಣು ಮೂಡುವುದಿಲ್ಲ. ಪಟ್ಟಿಯ ಒಂದು ತುದಿಯ 5 ಮಿ.ಮೀ.ಗೆ ಮಾತ್ರ ಅಂಟು. ಹೊಳಪು ಆರುವವರೆಗೆ ಕಾದು, ಹಾಳೆಯ ಬೆನ್ನಿಗೆ, ಮೇಲಂಚಿನಿಂದ 1 ಸೆಂ.ಮೀ. ಕೆಳಗೆ, ಎರಡೂ ಬದಿಯಿಂದ 4 ಸೆಂ.ಮೀ. ಒಳಗೆ ಅಂಟಿಸಿ, ಬ್ಲಾಟಿಂಗ್ ಕಾಗದ ಇಟ್ಟು ಅರ್ಧ ಗಂಟೆ ಭಾರ. ಹಿಂದಿನ ಬೋರ್ಡಿನಲ್ಲಿ ಅದಕ್ಕೆ ಸರಿಯಾಗಿ 3 ಸೆಂ.ಮೀ. ಸೀಳು ಕೊಯ್ದು, ಪಟ್ಟಿಯ ಬಾಲವನ್ನು ಸೀಳಿನಲ್ಲಿ ತೂರಿಸಿ ಬೋರ್ಡಿನ ಆಚೆ ಬದಿಗೆ ಅಂಟಿಸಿದೆವು. ಮುಂದಿನಿಂದ ಏನೂ ಕಾಣುವುದಿಲ್ಲ. ಕೆಳಗಿನ ಎರಡು ಮೂಲೆ ಬಿಡಿ. ಫ್ರೇಮ್ ಬಿದ್ದರೆ ಹರಿಯಬೇಕಾದ್ದು ಹಿಂಜು, ಹಾಳೆಯಲ್ಲ. ಆದ್ದರಿಂದ ಇದಕ್ಕಿಂತ ಗಟ್ಟಿ ಕಾಗದ ಬೇಕಾಗಿಲ್ಲ.

ಮುಚ್ಚುವುದು

ಗಾಜಿನ ಬದಲು 3 ಮಿ.ಮೀ. ಯುವಿ ತಡೆಯುವ ಅಕ್ರಿಲಿಕ್. ಅದು ಗಾಜಿನಷ್ಟು ಬೇಗ ತಣಿಯುವುದಿಲ್ಲ, ಇಬ್ಬನಿ ಕಡಿಮೆ. ಒರೆಸಲು ಮೃದು ಬಟ್ಟೆ, ನೀರು ಸಾಕು. ಅಮೋನಿಯ ಇರುವ ಗಾಜಿನ ಕ್ಲೀನರ್ ಬಿದ್ದರೆ ಮಂಜು ಕವಿಯುತ್ತದೆ.

ಚಿತ್ರ ಅಕ್ರಿಲಿಕ್‌ಗೆ ತಾಗದಿರಲು ಮೌಂಟ್ ಒಂದೇ ಸಾಲದು. ಅದೇ ಹತ್ತಿ ಬೋರ್ಡಿನ 1 ಸೆಂ.ಮೀ. ಅಗಲದ ಪಟ್ಟಿಗಳನ್ನು ಮೂರು ಪದರ ಅಂಟಿಸಿ 4.5 ಮಿ.ಮೀ. ಎತ್ತರದ ಚೌಕಟ್ಟು ಮಾಡಿ, ಕಿಟಕಿಯ ಅಂಚಿನಿಂದ 3 ಮಿ.ಮೀ. ಹಿಂದೆ, ಮೌಂಟಿನ ಅಡಿಯಲ್ಲಿ ಅಡಗಿಸಿದೆವು. ಹಿಂದಿನಿಂದ ಮುಂದಕ್ಕೆ ಲೆಕ್ಕ: ಸನ್‌ಪ್ಯಾಕ್ ಶೀಟ್ (ಒಳಗೆ ಟೊಳ್ಳು ಕೊಳವೆಗಳಿರುವ ಪ್ಲಾಸ್ಟಿಕ್ ಹಾಳೆ) 3, ಹಿಂದಿನ ಬೋರ್ಡ್ 1.5, ಪಟ್ಟಿ 4.5, ಮೌಂಟ್ 1.5, ಅಕ್ರಿಲಿಕ್ 3, ಒಟ್ಟು 13.5 ಮಿ.ಮೀ. ತಂದ ಬೀಡಿಂಗಿನ ಹಿಂಬದಿಯ ಮೆಟ್ಟಿಲು 9 ಮಿ.ಮೀ. ಮಾತ್ರ ಆಳ. ಅದಕ್ಕೆ ಹಿಂದಿನಿಂದ 6 ಮಿ.ಮೀ. ತೇಗದ ರೀಪು ಹೊಡೆದು 15 ಮಾಡಿಕೊಂಡೆವು. ಫ್ರೇಮ್‌ನ ಒಳ ಅಳತೆ 41.4 × 52.9 ಸೆಂ.ಮೀ.; ಬಿಗಿಯಾಗಿ ಕೂರಿಸಿದರೆ ಮರ ಉಬ್ಬಿದಾಗ ಎಲ್ಲ ಬಾಗುತ್ತದೆ.

ಈಗ ವಾದದ ಜಾಗ. ಫ್ರೇಮಿನ ಹಿಂಬದಿಯಲ್ಲಿ ಗಾಳಿಯಾಡಲಿ ಎಂದು ತೂತು ಬಿಡುವವರಿದ್ದಾರೆ. ಇಲ್ಲಿ ಗಾಳಿಯೇ ನೀರು. ತೂತಿನಿಂದ ತೇವವೂ ಬೆಳ್ಳಿಹುಳುವೂ ಒಳಗೆ. ಒಣ ಹೊತ್ತಿನಲ್ಲಿ ಪೂರ್ತಿ ಮುಚ್ಚುವುದೇ ಸರಿ. ಆದರೆ ಜುಲೈಯಲ್ಲಿ ಮುಚ್ಚಿದರೆ ಜುಲೈಯನ್ನೇ ಒಳಗೆ ಕಟ್ಟಿಟ್ಟ ಹಾಗೆ, ಬಿಟ್ಟದ್ದಕ್ಕಿಂತ ಕೇಡು. ಬೋರ್ಡು, ಪಟ್ಟಿ, ಚಿತ್ರ ಎಲ್ಲವನ್ನೂ ಎಸಿ ಕೋಣೆಯಲ್ಲಿ ಶೇ 50ರ ತೇವಾಂಶದಲ್ಲಿ ಮೂರ್ನಾಲ್ಕು ದಿನ ಬಿಡಿಯಾಗಿ ಇಟ್ಟು, ಅದೇ ಕೋಣೆಯಲ್ಲಿ ಮುಚ್ಚಬೇಕು. ಒಳಗಿರುವ ಹತ್ತಿ ಬೋರ್ಡೇ ಆಮೇಲೆ ಏರಿಳಿತವನ್ನು ತಾಳಿಕೊಳ್ಳುತ್ತದೆ. ಹೈಗ್ರೋಮೀಟರನ್ನು ನಂಬುವ ಮೊದಲು ಪರೀಕ್ಷಿಸಿ: ಮುಚ್ಚಳದಲ್ಲಿ ಉಪ್ಪನ್ನು ಕೆಸರಿನಷ್ಟು ಒದ್ದೆ ಮಾಡಿ, ಜಿಪ್ ಚೀಲದಲ್ಲಿ ಮೀಟರಿನ ಜೊತೆ ರಾತ್ರಿಯಿಡೀ ಇಟ್ಟರೆ ಶೇ 75 ತೋರಿಸಬೇಕು. 80 ತೋರಿಸಿದರೆ ಆ ಐದನ್ನು ಕಳೆದು ಓದಬೇಕು.

ಅಕ್ರಿಲಿಕ್‌ನಿಂದ ಸನ್‌ಪ್ಯಾಕ್‌ವರೆಗೆ ಕಟ್ಟನ್ನು ಜೋಡಿಸಿ, ನಾಲ್ಕೂ ಬದಿಗೆ ಎಸಿ ಡಕ್ಟಿನ ಅಲ್ಯೂಮಿನಿಯಂ ಟೇಪ್ ಸುತ್ತಬೇಕು. ಮುಂಬದಿಗೆ 3 ಮಿ.ಮೀ. ಮಾತ್ರ ಬರಲಿ, ಬೀಡಿಂಗ್ ಅದನ್ನು ಮುಚ್ಚುತ್ತದೆ. ಸನ್‌ಪ್ಯಾಕ್‌ನ ತೆರೆದ ಕೊಳವೆ ಬಾಯಿಗಳೂ ಟೇಪಿನಡಿ ಹೋಗಬೇಕು. ಸಿಲಿಕಾ ಪೊಟ್ಟಣ, ನುಸಿಗುಳಿಗೆ ಒಳಗೆ ಹಾಕುವುದು ಬೇಡ. ಪೊಟ್ಟಣ ಕುಡಿದ ನೀರನ್ನು ಬಿಸಿಯೇರಿದಾಗ ವಾಪಸ್ ಬಿಡುತ್ತದೆ. ಗುಳಿಗೆ ಬೂಷ್ಟಿಗೆ ನಾಟುವುದೇ ಇಲ್ಲ.

ತೂಗುಹಾಕುವುದು

ಪಡುಗಾಳಿಯ ಮಳೆ ಹೊಡೆಯುವ ಹೊರಗೋಡೆ ಬೇಡ, ಬಚ್ಚಲುಮನೆಗೆ ತಾಗಿದ್ದೂ ಬೇಡ. ಕೆಂಪುಕಲ್ಲಿನ ಗೋಡೆ ಮಳೆ ನಿಂತ ಮೇಲೂ ವಾರಗಟ್ಟಲೆ ಶೀತ ಬಿಡುತ್ತಿರುತ್ತದೆ. ಒಳಗಿನ ಅಡ್ಡಗೋಡೆಯೇ ಒಳ್ಳೆಯದು. ಫ್ರೇಮ್‌ನ ಕೆಳ ಮೂಲೆಗಳಿಗೆ, ಮೇಲೂ, 15 ಮಿ.ಮೀ. ದಪ್ಪದ ರಬ್ಬರ್ ಬಿಲ್ಲೆ ಹಾಕಿ ಗೋಡೆಯಿಂದ ದೂರ ನಿಲ್ಲಿಸಬೇಕು. ಅಂತರ ಕಡಿಮೆಯಾದರೆ ಹಲ್ಲಿ ಮೊಟ್ಟೆ, ಕುಂಬಾರ ಹುಳದ ಮಣ್ಣಿನ ಗೂಡು ಖಾತ್ರಿ. ಕೊಕ್ಕೆ, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ 304. ಹಿತ್ತಾಳೆ ಬಣ್ಣದ ಲೇಪದವು ಎರಡು ಮಳೆಗಾಲಕ್ಕೆ ತುಕ್ಕು.

ಬೆಳಕು: ಜಲವರ್ಣಕ್ಕೆ ವಸ್ತುಸಂಗ್ರಹಾಲಯಗಳು ಇಟ್ಟುಕೊಂಡ ಮಿತಿ 50 ಲಕ್ಸ್. ಚಾವಡಿಯ ಹಗಲು ಬೆಳಕು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಯುವಿ ಅಕ್ರಿಲಿಕ್ ಮಾಸುವಿಕೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬಣ್ಣ ಹಾರಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ. ಈ ಚಿತ್ರದಲ್ಲಿ ಸೀರೆಯ ಗುಲಾಬಿ ಎಷ್ಟು ಹೋಗಿದೆ ಎಂಬುದು ಬೀಡಿಂಗಿನಡಿ ಮುಚ್ಚಿದ್ದ ಪಟ್ಟಿಯಲ್ಲಿ ಗೊತ್ತಾಯಿತು, ಅಲ್ಲಿ ಕಡುಗುಲಾಬಿ, ಪಕ್ಕದಲ್ಲಿ ತೊಳೆದ ಬಟ್ಟೆಯ ಬಣ್ಣ. ಚಾವಡಿಯಲ್ಲೇ ಬೇಕೆನ್ನುವವರು ಒಳ್ಳೆಯ ಪಿಗ್ಮೆಂಟ್ ಪ್ರಿಂಟ್ ಮಾಡಿಸಿ ಅಲ್ಲಿ ಹಾಕಿ, ಮೂಲವನ್ನು ಒಳಕೋಣೆಯಲ್ಲಿ ಇಡಬಹುದು.

ಉಡುಗೊರೆಗೆಂದೇ ಬರೆಯುವ ಕಲಾವಿದರಿಗೆ ಇಲ್ಲಿಂದಲೇ ಎರಡು ಮಾತು. ಅಲಿಜರಿನ್ ಕ್ರಿಮ್ಸನ್ (ಬಣ್ಣದ ಸಂಕೇತ ಪಿಆರ್83), ಒಪೆರಾ ರೋಸ್ ಚರ್ಮದ ಬಣ್ಣಕ್ಕೆ ಚೆಂದ, ಬಾಳುವುದಿಲ್ಲ. ಟ್ಯೂಬಿನ ಮೇಲೆ ಕ್ವಿನಾಕ್ರಿಡೋನ್ ರೋಸ್ (ಪಿವಿ19) ಎಂದಿರುವುದನ್ನು ಆರಿಸಿಕೊಳ್ಳಿ. ಸುತ್ತ 4 ಸೆಂ.ಮೀ. ಬಿಳಿ ಅಂಚು ಬಿಟ್ಟು, ಕೃತಜ್ಞತೆಯ ಸಾಲನ್ನು ಅಂಚಿಗೆ ಒತ್ತದೆ ಪೆನ್ಸಿಲಿನಲ್ಲಿ ಬರೆಯಿರಿ. ಜೆಲ್ ಪೆನ್ನು ಒಂದು ಹನಿಗೆ ಹರಡುತ್ತದೆ. ಫ್ರೇಮ್ ಹಾಕಿಸದೆ, ಹತ್ತಿ ಬೋರ್ಡಿನ ಮಡಿಕೆಯೊಳಗೆ ಇಟ್ಟು ಕೊಟ್ಟರೂ ಮರ್ಯಾದೆಗೆ ಕುಂದಿಲ್ಲ.

ಹಿಂಬದಿಯ ನಾಲ್ಕು ಸಾಲು ಮತ್ತೆ ಬೋರ್ಡಿನ ಹಿಂದೆ ಹೋಯಿತು. ಬಾಲ್‌ಪೆನ್ನಿನ ಶಾಯಿ ಬೆಳಕಿಗೆ ಮಾಸುವುದರಿಂದ ಕತ್ತಲೇ ಅದಕ್ಕೆ ಒಳ್ಳೆಯದು. ಅದರ ನೈಜ ಅಳತೆಯ ಫೋಟೊವನ್ನು ಸನ್‌ಪ್ಯಾಕ್‌ನ ಹೊರಮೈಗೆ ಅಂಟಿಸಿ, ಕೆಳಗೆ ಚೀಟಿ: ಮುಚ್ಚಿದ ತಿಂಗಳು, ಆಗಿನ ತೇವಾಂಶ, ಗೋಧಿ ಪಿಷ್ಟದ ಅಂಟು, ಕೋಜೊ ಹಿಂಜು ಮೇಲೆ ಎರಡು, ಬಲ ಕೆಳಮೂಲೆಯ ಬೆನ್ನಿಗೆ ಹಳೆ ಬೋರ್ಡಿನ ಪೊರೆ ಇದೆ, ಒದ್ದೆ ಮಾಡಬೇಡಿ.